ಸೋಸಿದ ನೀರಿನ ಆಮೆ

ಆಮೆ ದಪ್ಪಗಾಗುತ್ತಿದೆ ಎಂಬ ಸಂಗತಿ ಆ ಭಾನುವಾರ ಬೆಳಗ್ಗೆ ಅನಂತಪ್ಪನನ್ನು ಕೂತಲ್ಲಿ ಕೂಡಲು ಬಿಡಲಿಲ್ಲ. ದಪ್ಪಗಾಗಲಿ ಎಂದೇ ಅಲ್ಲವೇ ತಂದದ್ದು ಎಂದು ತನಗೆ ತಾನೇ ಹೇಳಿಕೊಂಡ. ಹಿತ್ತಲಿನ ಸಿಮೆಂಟಿನ ತೊಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಎರಡು ಪದರಿನ ಬಿಳಿ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿ, ಬಾವಿಯಿಂದ ಸೇದಿ ತಂದ ನೀರನ್ನು ಸೋಸುತ್ತಿದ್ದ. ಮನೆಯವರು ಕುಡಿಯುವ ನೀರಿಗೆ ಒಂದು ಸಲ ಸೋಸಿದರೆ ಆಮೆಯ ನೀರಿಗೆ ಎರಡು ಸಲ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದಿರಬಹುದಾದ, ಕಣ್ಣಿಗೆ ಬೀಳದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬರಬೇಕು. ಅಪ್ಪ ಹಾಗೇ ಮಾಡುತ್ತಿದ್ದ, ಅಜ್ಜನೂ ಹಾಗೇ ಮಾಡುತ್ತಿದ್ದ. ಹೀಗೆ ನಲವತ್ತೊಂದು ದಿನ, ಒಂದು ಆಮೆ ನೀರಿನಲ್ಲಿ ಏನೇನು ತಿನ್ನಬಹುದೋ ಅದನ್ನೆಲ್ಲ ಹೆಕ್ಕಿ ತೆಗೆದು, ಭಕ್ತಿಯಿಂದ ಬಾವಿಗೆ ಮುಟ್ಟಿಸಿ ಬಂದು, ಆಮೆಗೆ ಸೌತೆಕಾಯಿ ಕೊಟ್ಟಿದ್ದ. ಮೊದಮೊದಲು ಪಾಲಕ್ ಸೊಪ್ಪೂ ಇತ್ತು. ಚಾತುರ್ಮಾಸ ಹಿಡಿದ ಮೇಲೆ ಸೊಪ್ಪಿನಲ್ಲಿ ಹುಳ ಇರುತ್ತವೆಂದು ಮನೆಯಲ್ಲಿ ಸೊಪ್ಪು ಬಂದಾಯಿತು, ಆಮೆಗೂ ಬಂದಾಯಿತು. ಹೊತ್ತು ಮುಳುಗುವ ಮೊದಲು ಉಳಿದ ಸೌತೆಕಾಯಿ ಹೋಳನ್ನೂ ತೊಟ್ಟಿಯಿಂದ ತೆಗೆದುಬಿಡುತ್ತಿದ್ದ, ಯಾಕೆಂದರೆ ಮನೆಯಲ್ಲಿ ಕತ್ತಲಾದ ಮೇಲೆ ಯಾರೂ ಉಣ್ಣುವುದಿಲ್ಲ. ಇಷ್ಟೆಲ್ಲ ಆದರೂ ಆಮೆ ದಪ್ಪಗಾಗುತ್ತಿತ್ತು.

“ನಿಮ್ಮ ಸಾಹೇಬ್ರದು ನಾಷ್ಟಾ ಆತೇನ್ರಿ?” ಒಳಗಿನಿಂದ ಹೆಂಡತಿ ಸುಮನ ಕೂಗಿದಳು. “ಅಪ್ಪಾಸಾಬ ಕಾಕಾರು ಹತ್ತಕ್ಕ ಬರತಾರ. ಆ ಹರಕ ಬನಿಯನ್ ಮ್ಯಾಲೆ ಕುಂಡ್ರಬ್ಯಾಡ್ರಿ, ಧೋತರಾ ಉಟ್ಕೋರಿ.”

ಸಾಹೇಬರು ಎಂದರೆ ಆಮೆ. ಇಪ್ಪತ್ತಾರು ವರ್ಷದಿಂದ ಜಮಖಂಡಿಯ ಕೋರ್ಟಿನಲ್ಲಿ ಸಾಹೇಬರ ಕೆಳಗೆ ಟೈಪ್ ಮಾಡುತ್ತ ಕೂತ ಗಂಡಸಿಗೆ, ಮನೆಯಲ್ಲಿಯೂ ಒಬ್ಬ ಸಾಹೇಬ ಬೇಕಾಯಿತೆಂದು ಅವಳು ಇಟ್ಟ ಹೆಸರು. ಅನಂತಪ್ಪ ಕೊಡದ ಬಾಯಿಯ ಬಟ್ಟೆಯನ್ನು ಬಿಗಿ ಮಾಡಿದ. ಅಪ್ಪಾಸಾಬರು ಬರುವುದಕ್ಕೂ ತಾನೇ ಕಾರಣ. ತೇರದಾಳದ ಬಸದಿಯಲ್ಲಿ ಹೋದ ವಾರ ಅಭಿಷೇಕ ಮುಗಿದು ಎಲ್ಲರೂ ಕಟ್ಟೆಯ ಮೇಲೆ ಕೂತಾಗ, ಯಾರೂ ಕೇಳದೆ ಇದ್ದರೂ, “ನಮ್ಮ ಮನ್ಯಾಗಿನ ಆಮಿ ಬರೇ ಸೌತಿಕಾಯಿ ಮ್ಯಾಲೆ ಐತ್ರಿ” ಎಂದುಬಿಟ್ಟಿದ್ದ. ಅಲ್ಲಿಯತನಕ ಅವನ ಮಾತಿಗೆ ಆ ಕಟ್ಟೆಯ ಮೇಲೆ ಯಾರೂ ತಲೆ ತಿರುಗಿಸಿದ್ದಿಲ್ಲ. ಅವತ್ತು ಏಳು ಜನ ತಿರುಗಿದರು. ಬಸದಿಯ ಹಿರಿಯರಾದ ಅಪ್ಪಾಸಾಬರಂತೂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ಇಪ್ಪತ್ತನೆಯ ತೀರ್ಥಂಕರ ಮುನಿಸುವ್ರತರ ಲಾಂಛನವೇ ಆಮೆ. ಅಂಥ ಪ್ರಾಣಿ ಮಾಂಸ ಬಿಟ್ಟಿದೆ ಎಂದರೆ ಸಣ್ಣ ಮಾತೇ. ಅನಂತಪ್ಪನಿಗೆ ಮೈ ಜುಮ್ಮೆಂದಿತು. ಆ ಸುಖ ಬಸ್ಸಿನಲ್ಲಿ ಜಮಖಂಡಿ ಮುಟ್ಟುವತನಕ ಇತ್ತು. ಇಳಿದು ಮನೆಯ ಹಾದಿ ಹಿಡಿದಾಗ ಅದು ಉಳಿದಿರಲಿಲ್ಲ, ಬರೀ ಮಜ್ಜಿಗೆ ಕುಡಿದು ಮಲಗಿದ.

ಈಗ ತೊಟ್ಟಿಯಲ್ಲಿ ಆಮೆ ಮೂಗಿನ ತುದಿಯಷ್ಟೇ ಮೇಲೆ ಮಾಡಿ ಅವನನ್ನು ನೋಡುತ್ತಿತ್ತು. ರಬಕವಿಯ ಶಶಿಕಾಂತನ ಸೀರೆ ಅಂಗಡಿಯಲ್ಲಿಯೂ ಹೀಗೇ ಮೂಗು ಮೇಲೆ ಮಾಡಿಕೊಂಡಿತ್ತು. ಸುಮನಳ ತಂಗಿಯ ಮಗಳ ಮದುವೆಗೆ ಸೀರೆ ತರಲೆಂದು ಹೋಗಿ, ಹೆಂಗಸರು ನಾಲ್ಕು ತಾಸು ಸೀರೆ ಬಿಚ್ಚಿಸಿ ಮಡಿಸಿ ಮತ್ತೆ ಬಿಚ್ಚಿಸುವಾಗ, ಅವನಿಗೆ ನೋಡಲು ಗಾಜಿನ ಪೆಟ್ಟಿಗೆಯೊಂದೇ ಇತ್ತು. ಯಾರೋ ವಾಸ್ತು ಹೇಳಿದರಂತೆ, ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಬಲೆ ಹಾಕುವವರಿಂದ ಶಶಿಕಾಂತ ತರಿಸಿ ಇಟ್ಟಿದ್ದ. ಚಹಾದ ಬಣ್ಣದ ನೀರು. ಬೆನ್ನ ಮೇಲೆ ದಿನಾ ಹಚ್ಚಿದ ಕುಂಕುಮ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಗಿರಾಕಿಗಳ ಮಕ್ಕಳು ಹಾಕಿದ ಚುರುಮುರಿ ತೇಲುತ್ತಿತ್ತು. ಪೆಟ್ಟಿಗೆ ಎಷ್ಟು ಸಣ್ಣದೆಂದರೆ ಆಮೆಗೆ ತಿರುಗಲು ಬರುತ್ತಿರಲಿಲ್ಲ. ಇಟ್ಟಾಗ ಯಾವ ಕಡೆ ಮುಖ ಇತ್ತೋ ಅದೇ ಕಡೆ ಇತ್ತು. ಅನಂತಪ್ಪನಿಗೆ ಕೋರ್ಟಿನಲ್ಲಿ ಸಾಹೇಬರ ಕೆಳಗಿನ ತನ್ನ ಕುರ್ಚಿ ನೆನಪಾಯಿತು. ನಾಲ್ಕನೆಯ ತಾಸಿಗೆ ಅವನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ತನ್ನದಲ್ಲದ ದನಿಯಲ್ಲಿ, “ಇದು ಕಾಯ್ದೆ ಪ್ರಕಾರ ಗುನ್ಹೆ ಆಗತೈತ್ರಿ. ನಾ ಜಮಖಂಡಿ ಕೋರ್ಟಿನ್ಯಾಗ ಇರೂದು” ಎಂದ. ಕೋರ್ಟಿನಲ್ಲಿ ಏನಾಗಿ ಇರುವುದು ಎಂದು ಹೇಳಲಿಲ್ಲ. ಶಶಿಕಾಂತನ ಮುಖದ ಬಣ್ಣ ಹೋಯಿತು.

“ಸಾಹೇಬ್ರ, ಒಂದ ಮಾತ ಮೊದಲ ಹೇಳಬಾರದೇನ್ರಿ” ಎಂದವನೇ ಆಮೆಯನ್ನು ತನ್ನ ಅಂಗಡಿಯ ಹೆಸರಿದ್ದ ಸೀರೆಯ ಕೈಚೀಲದಲ್ಲಿ ಹಾಕಿ, ಮೇಲೆ ಒಂದು ಕರವಸ್ತ್ರ ಹೊದಿಸಿ, ಎರಡೂ ಕೈಯಿಂದ ಕೊಟ್ಟ.

ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಣ್ಣುಮಗಳು ಚೀಲದ ಮೇಲಿನ ಹೆಸರು ಓದಿ, “ಈ ಅಂಗಡ್ಯಾಗ ಸೀರಿ ಛಲೋ ಸಿಗತಾವ ಅಂತಾರ್ರಿ. ಯಾವ ಬಣ್ಣದ್ದು?” ಎಂದಳು. “ಹಸರ” ಎಂದ ಅನಂತಪ್ಪ. ಬೇರೆ ಏನು ಹೇಳಬೇಕಿತ್ತು? ಅವಳು ಸೆರಗಿನ ನೇಯ್ಗೆಯ ಪೋತು ನೋಡುತ್ತೇನೆಂದು ಕೈ ಹಾಕಿದಳು. ಬನಹಟ್ಟಿ ದಾಟಿದ ಮೇಲೆ ಆ ಹೆಣ್ಣುಮಗಳು ಜಮಖಂಡಿಯತನಕ ನಿಂತೇ ಬಂದಳು. ಸುಮನ ಹಿಂದಿನ ಸೀಟಿನಲ್ಲಿ ಕೂತು, ಈ ಮನುಷ್ಯ ನನಗೆ ಯಾರೂ ಅಲ್ಲ ಎಂಬಂತೆ ಕಿಟಕಿಯಾಚೆ ಕಬ್ಬು ನೋಡುತ್ತಿದ್ದಳು. ಆದರೂ ಅನಂತಪ್ಪನಿಗೆ ಅವತ್ತು ತಾನು ಒಬ್ಬ ಗಂಡಸು ಅನಿಸಿತ್ತು. ಕುಂಕುಮವನ್ನು ಬೆಚ್ಚನೆ ನೀರಿನಲ್ಲಿ ನೆನೆಸಿ ನೆನೆಸಿ ತೆಗೆಯಲು ಎರಡು ದಿನ ಹಿಡಿಯಿತು. ಆ ಕುಂಕುಮದ ಕೆಳಗೆ ಇಷ್ಟು ಚಂದದ ಹಸಿರು ಬೆನ್ನು ಇರಬಹುದೆಂದು ಶಶಿಕಾಂತನಿಗೇ ಗೊತ್ತಿದ್ದಿಲ್ಲ. ಕಾಯ್ದೆ ಪ್ರಕಾರ ಈಗ ಗುನ್ಹೆ ಮಾಡುತ್ತಿರುವವನು ತಾನು ಎಂಬುದು ಮೂರನೆಯ ದಿನ ಕೋರ್ಟಿನಲ್ಲಿ ಒಂದು ಆರೋಪಪಟ್ಟಿ ಟೈಪ್ ಮಾಡುವಾಗ ಹೊಳೆದು, ಅವನ ಬೆರಳು ಒಂದು ಸಾಲು ಜಿಗಿದವು.

ಹೊಳೆಗೆ ಬಿಡಬೇಕೆಂದೇ ಇತ್ತು. ಆದರೆ ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಬಿದ್ದು ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಈ ಆಮೆಗೆ ಕತ್ತು ಎತ್ತುವುದೇ ಕಷ್ಟವಿತ್ತು. ಕಣ್ಣಿನ ರೆಪ್ಪೆ ಬಾತು ಮುಚ್ಚಿದ್ದವು. ದನದ ದವಾಖಾನೆಯ ಡಾಕ್ಟರು ಅದನ್ನು ಮಗುಚಿ ನೋಡಿ, “ಸಣ್ಣ ಮೀನಾ ಹಾಕ್ರಿ, ಹುಳಾ ಹಾಕ್ರಿ. ಇದರ ಊಟಾನ ಅದು. ಬರೇ ಕಾಯಿಪಲ್ಲೆ ಮ್ಯಾಲೆ ಇದು ಬದುಕೂದಿಲ್ಲ” ಎಂದರು. ಅನಂತಪ್ಪ ಮನೆಗೆ ಬಂದು, “ಡಾಕ್ಟರು ಸೌತಿಕಾಯಿ ಹಾಕ ಅಂದಾರ” ಎಂದು ಸುಮನಳಿಗೆ ಹೇಳಿದ. ಹೇಳುವಾಗ ಅದು ಸುಳ್ಳು ಎಂದು ಅನಿಸಲಿಲ್ಲ, ಡಾಕ್ಟರು ತಮ್ಮ ಮಾತನ್ನು ಇನ್ನೊಂದು ಸಲ ವಿಚಾರ ಮಾಡಿದ್ದರೆ ಹಾಗೇ ಹೇಳುತ್ತಿದ್ದರು ಅನಿಸಿತು. ಎಂಟು ದಿನ ಆಮೆ ಸೌತೆಕಾಯಿಯನ್ನು ಮೂಸಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ, ಭಾಂಡೆ ತಿಕ್ಕಲು ಬರುವ ಲಗಮವ್ವ ತೊಟ್ಟಿಯಲ್ಲಿ ಇಣುಕಿ, ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಅಣ್ಣಾರ, ಇದು ಇನ್ನ ಎರಡ ದಿನಾ ತಡಿಯೂದಿಲ್ರಿ” ಎಂದಳು. ಹಾಗೆ ಅಂದವಳು ಅವನ ಕಡೆ ನೋಡದೆ, ಮಳೆಗೆ ನೆನೆದು ಮೆತ್ತಗಾಗಿದ್ದ ದಾಸವಾಳದ ಗಿಡದ ಬುಡವನ್ನು ನೋಡುತ್ತಿದ್ದಳು. ಆ ಮಣ್ಣಿನಲ್ಲಿ ಎರೆಹುಳ ಎಷ್ಟಿದ್ದವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಅನಂತಪ್ಪನ ಬಾಯಿಂದ, ಅವನೇ ಬೆಚ್ಚಿಬೀಳುವಷ್ಟು ದೊಡ್ಡ ದನಿಯಲ್ಲಿ ಒಂದು ಮಾತು ಬಂತು:

“ನಾ ಜಳಕಕ್ಕ ಹೊಂಟೇನಿ.”

ಐವತ್ತನಾಲ್ಕು ವರ್ಷದ ಜೀವನದಲ್ಲಿ ಅವನು ಜಳಕಕ್ಕೆ ಹೋಗುವುದನ್ನು ಯಾರಿಗೂ ಹೇಳಿ ಹೋಗಿದ್ದಿಲ್ಲ. ಅವತ್ತು ಬಚ್ಚಲ ಮನೆಯ ಬಾಗಿಲು ಹಾಕಿಕೊಂಡು ಅರ್ಧ ತಾಸು ಮೈಮೇಲೆ ನೀರು ಸುರುವಿಕೊಂಡ. ಒಂದೊಂದು ತಂಬಿಗೆ ಸುರುವಿಕೊಂಡಾಗಲೂ ಅದರ ಸಪ್ಪಳಕ್ಕೆ ಹೊರಗಿನ ಸಪ್ಪಳ ಕೇಳುತ್ತಿರಲಿಲ್ಲ, ಅದಕ್ಕೇ ನೀರು ನಿಲ್ಲಿಸಲು ಧೈರ್ಯವಾಗಲಿಲ್ಲ. ಹೊರಗೆ ಬಂದಾಗ ತೊಟ್ಟಿಯ ಅಂಚಿನ ಮೇಲೆ ಹಸಿ ಮಣ್ಣಿನ ಎರಡು ಬೆರಳ ಗುರುತಿದ್ದವು. ಹೆಗಲ ಮೇಲಿನ ಟಾವೆಲ್ಲಿನಿಂದ ಅವನ್ನು ಒರೆಸಿದ. ಒರೆಸುವಾಗ ಅವು ಯಾತರ ಗುರುತು ಎಂದು ಕೇಳಿಕೊಳ್ಳಲಿಲ್ಲ. ಹದಿನಾಲ್ಕನೆಯ ದಿನ ಆಮೆ ಕಣ್ಣು ಬಿಟ್ಟಿತು. ಕಪ್ಪು, ಒದ್ದೆ, ಸಾಸಿವೆಯಷ್ಟು ಸಣ್ಣ ಬೆಳಕಿದ್ದ ಕಣ್ಣು. ಅನಂತಪ್ಪನಿಗೆ ಅಳು ಬಂತು. ಅಂದಿನಿಂದ ದಿನಾ ಬೆಳಗ್ಗೆ ಲಗಮವ್ವ ಹಿತ್ತಲ ಬಾಗಿಲಿನಲ್ಲಿ ಕಂಡ ಕೂಡಲೇ ಆ ಮಾತನ್ನು ಒದರಿ ಒಳಗೆ ಹೋಗುತ್ತಿದ್ದ. ಅವಳು ತಡಮಾಡಿ ಬಂದ ದಿನ, ಜಳಕ ಆಗಿದ್ದರೂ ಮತ್ತೊಮ್ಮೆ ಹೋಗುತ್ತಿದ್ದ. ಗಂಡನಿಗೆ ಚಾತುರ್ಮಾಸದಲ್ಲಿ ಭಾಳ ಮಡಿ ಬಂದಿದೆ ಎಂದು ಸುಮನ ತಂಗಿಗೆ ಫೋನಿನಲ್ಲಿ ಹೇಳಿದ್ದಳು.

ಕೋರ್ಟಿನಲ್ಲಿ ಸಾಕ್ಷಿದಾರರು ಕಟಕಟೆ ಹಿಡಿದು ನಿಂತು, ನಾನು ನೋಡಿಲ್ಲ, ನನಗೆ ಗೊತ್ತಿಲ್ಲ, ನಾನು ಆಗ ಎಮ್ಮೆ ಕಟ್ಟಲು ಹೋಗಿದ್ದೆ, ನಾನು ಆಗ ಬಯಲಕಡೆಗೆ ಹೋಗಿದ್ದೆ ಎಂದಾಗ, ಅದನ್ನು ಟೈಪ್ ಮಾಡುತ್ತ ಅನಂತಪ್ಪ ಎಷ್ಟೋ ಸಲ ಮನಸ್ಸಿನಲ್ಲಿ ನಕ್ಕಿದ್ದ. ಊರಿನಲ್ಲಿ ಏನಾದರೂ ಆಗುವ ಹೊತ್ತಿಗೆ ಸರಿಯಾಗಿ ಇವರಿಗೆಲ್ಲ ಹೇಗೆ ಕೆಲಸ ಬರುತ್ತದೆ? ಈಗ ನಗು ಬರುತ್ತಿರಲಿಲ್ಲ. ದಿನಕ್ಕೆ ಹತ್ತು ಹುಳ ಎಂದರೂ ಮೂವತ್ತೆರಡು ದಿನಕ್ಕೆ ಮುನ್ನೂರಾ ಇಪ್ಪತ್ತು ಜೀವ. ಒಂದನ್ನು ಉಳಿಸಲು ಮುನ್ನೂರಾ ಇಪ್ಪತ್ತು. ಅದೂ ತನ್ನ ಕೈ ಮಣ್ಣಾಗಬಾರದೆಂದು ಇನ್ನೊಬ್ಬಳ ಕೈಯಿಂದ. ಹಾಗಾದರೆ ಆಮೆ ಸತ್ತಿದ್ದರೆ ಒಳ್ಳೆಯದಿತ್ತೇ ಎಂದು ಕೇಳಿಕೊಂಡರೆ ಹೌದು ಎನ್ನಲೂ ಆಗುತ್ತಿರಲಿಲ್ಲ. ಈ ಲೆಕ್ಕವನ್ನು ಯಾರ ಮುಂದೆ ಇಡಬೇಕು ಎಂಬುದೇ ಅವನಿಗೆ ತಿಳಿಯಲಿಲ್ಲ.

ಅಪ್ಪಾಸಾಬರು ಹತ್ತಕ್ಕೆ ಸರಿಯಾಗಿ ಬಂದರು. ಹಿಂದೆ ಬಸದಿಯ ಕೆಲಸದ ಬಸಗೊಂಡಪ್ಪ. ಬಸಗೊಂಡಪ್ಪನ ಕೈಯಲ್ಲಿ ಹೊಸ ಸ್ಟೀಲಿನ ಬಕೆಟ್ಟು, ಅದರ ಹಿಡಿಕೆಗೆ ಚೆಂಡು ಹೂವಿನ ಮಾಲೆ. ಅನಂತಪ್ಪನಿಗೆ ಆ ಬಕೆಟ್ಟು ಯಾಕೆಂದು ಮೊದಲು ಹೊಳೆಯಲಿಲ್ಲ. ಹಿರಿಯರು ತೊಟ್ಟಿಯ ಹತ್ತಿರ ನಿಂತು ಆಮೆಗೆ ಕೈ ಮುಗಿದರು. ಆಮೆ ನೀರಿನೊಳಗೆ ಹೋಯಿತು.

“ಭವ್ಯ ಜೀವ” ಎಂದರು ಅಪ್ಪಾಸಾಬರು. ಎಂದಾದರೊಂದು ದಿನ ಮೋಕ್ಷಕ್ಕೆ ಹೋಗುವ ಯೋಗ್ಯತೆ ಇರುವ ಜೀವ ಎಂದರ್ಥ. “ಹಿಂದಿನ ಜನ್ಮದಾಗ ನಮ್ಮಂಗ ಶ್ರಾವಕ ಇದ್ದಿರಬೇಕು. ನೋಡೋ ಬಸಗೊಂಡಾ, ಮಾರಿ ಮ್ಯಾಲಿನ ಶಾಂತಿ ನೋಡು. ಅನಂತಪ್ಪಾ, ಇದು ನಿನ್ನ ಹಿತ್ತಲದಾಗ ಇರೂ ಜೀವ ಅಲ್ಲ. ಬಸದಿ ಅಂಗಳದಾಗಿನ ಹೌದಿನ್ಯಾಗ ಇಡೂಣು. ಮಂದಿ ಬಂದ ನೋಡ್ಲಿ. ವ್ರತಾ ಹಿಡದ ಆಮಿ ಅಂತ ಒಂದು ಫಲಕಾ ಬರಸ್ತೇನಿ, ಕೆಳಗ ನಿನ್ನ ಹೆಸರೂ ಹಾಕಸ್ತೇನಿ.”

ಅನಂತಪ್ಪ ಫಲಕವನ್ನು ಕಂಡ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ, ಕೆಳಗೆ ತನ್ನ ಹೆಸರು. ಅದರ ಹಿಂದೆಯೇ ಬಸದಿಯ ಹೌದು ಎಂಬ ಕಲ್ಲಿನ ತೊಟ್ಟಿಯನ್ನೂ ಕಂಡ. ನಾಲ್ಕು ಕಡೆ ಗ್ರ್ಯಾನೈಟು, ಮೂರು ಸಲ ಸೋಸಿದ ನೀರು, ತೇಲುವ ಸೌತೆಕಾಯಿ. ಅಲ್ಲಿ ಲಗಮವ್ವ ಇರುವುದಿಲ್ಲ. ಎಂಟು ದಿನ, ಹೆಚ್ಚೆಂದರೆ ತಿಂಗಳು. ಸತ್ತ ಮೇಲೆ ಅಪ್ಪಾಸಾಬರು ಅದು ಊಟ ಬಿಟ್ಟು ಸಲ್ಲೇಖನ ತೆಗೆದುಕೊಂಡಿತು ಎಂದೂ ಹೇಳಿಯಾರು.

“ಇಲ್ಲೇ ಇರಲಲ್ಲರಿ ಕಾಕಾರ” ಎಂದ. ದನಿ ಅವನಿಗೇ ಕೇಳಲಿಲ್ಲ. ಬಸಗೊಂಡಪ್ಪ ಆಗಲೇ ಬಕೆಟ್ಟಿಗೆ ನೀರು ತುಂಬುತ್ತಿದ್ದ.

ಆಗ ಹಿತ್ತಲ ಬಾಗಿಲು ಕಿರ್ರೆಂದು ಲಗಮವ್ವ ಬಂದಳು. ಅವಳ ಕಾಲುಂಗುರದ ಸಪ್ಪಳಕ್ಕೆ ತೊಟ್ಟಿಯ ನೀರು ಕದಡಿತು. ಶಾಂತ ಮುಖದ ಭವ್ಯ ಜೀವ ಅರ್ಧ ಮೊಳ ಕತ್ತು ಚಾಚಿ, ನಾಲ್ಕೂ ಕಾಲು ಬಡಿಯುತ್ತ, ಹಿರಿಯರ ಧೋತರಕ್ಕೆ ನೀರು ಸಿಡಿಸಿ ಅವಳು ಬರುವ ಮೂಲೆಗೆ ಓಡಿತು. ಅನಂತಪ್ಪನಿಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ನಲವತ್ತೊಂದು ದಿನ ನೀರು ಸೋಸಿದವನು ತಾನು, ತನಗಾಗಿ ಅದು ಒಂದು ದಿನವೂ ಕತ್ತು ಚಾಚಿದ್ದಿಲ್ಲ.

“ಈಕಿನ್ನ ಕಂಡ್ರ ಹಿಂಗ್ಯಾಕ ಮಾಡತೈತಿ?” ಅಪ್ಪಾಸಾಬರು ಕೇಳಿದರು.

“ನಂಗೇನ ಗೊತ್ತಿಲ್ರಿ” ಎಂದ ಅನಂತಪ್ಪ. ಬೆರಳುಗಳು ಗಾಳಿಯಲ್ಲಿ ಆ ಮಾತನ್ನು ಟೈಪ್ ಮಾಡಿದಂತೆ ಅಲುಗಿದವು.

ಲಗಮವ್ವ ಅವನನ್ನು ಒಂದು ಗಳಿಗೆ ನೋಡಿದಳು. ಕೈಯಲ್ಲಿದ್ದ ಮುತ್ತಲ ಎಲೆಯ ಪೊಟ್ಟಣವನ್ನು ಬಚ್ಚಿಡಲಿಲ್ಲ. “ನಾ ಇದಕ್ಕ ಎರಿಹುಳಾ ಹಾಕತೇನ್ರಿ, ದಿನಾ. ಉಪಾಸ ಸಾಯಾಕತ್ತಿತ್ತು. ಬೀರಪ್ಪನ ಆಣಿ, ನನಗ ನೋಡಾಕ ಆಗಲಿಲ್ಲ” ಎಂದಳು.

ಅಪ್ಪಾಸಾಬರು ಎರಡು ಹೆಜ್ಜೆ ಹಿಂದೆ ಸರಿದರು, ಕೈ ಮುಗಿದಿದ್ದನ್ನು ನೆನೆದು ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡರು. “ಶ್ರಾವಕರ ಮನ್ಯಾಗ, ಚಾತುರ್ಮಾಸದಾಗ,” ಎಂದು ಉಸಿರು ಎಳೆದುಕೊಂಡು, “ಈಕಿನ್ನ ನಾಳಿಂದ ಮನಿಯೊಳಗ ಕರಕೋಬ್ಯಾಡ ಅನಂತಪ್ಪಾ. ನಿನ್ನದೇನ ತಪ್ಪಿಲ್ಲ, ನಿನಗ ಗೊತ್ತಿದ್ದಿಲ್ಲ. ಬಸಗೊಂಡಾ, ಎತ್ತು ಅದನ್ನ. ಬಸದ್ಯಾಗ ಎರಡ ವಾರ ಉಪಾಸ ಹಾಕಿದ್ರ ಶುದ್ಧ ಆಗತೈತಿ” ಎಂದರು.

ಲಗಮವ್ವ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, ಏನೂ ಆಗಿಲ್ಲವೆಂಬಂತೆ ಭಾಂಡೆಗಳ ಮುಂದೆ ಕೂತು ಬೂದಿ ತೆಗೆದುಕೊಂಡಳು. ಹನ್ನೊಂದು ವರ್ಷದಿಂದ ಕೂಡುವ ಜಾಗ ಅದು. ಬಸಗೊಂಡಪ್ಪ ತೋಳು ಏರಿಸಿ ತೊಟ್ಟಿಗೆ ಬಾಗಿದ. ಆಮೆ ಮೇಲೆ ಬಂತು, ಗಾಳಿಯಲ್ಲಿ ಕಾಲು ಆಡಿಸುತ್ತ. ಬಕೆಟ್ಟು ಅದರ ಅಳತೆಗೇ ಕೊಂಡು ತಂದಂತಿತ್ತು. ಒಳಗಿಟ್ಟ ಮೇಲೆ ಅದಕ್ಕೆ ತಿರುಗಲು ಬರಲಿಲ್ಲ.

“ನಾ ಜಳಕಕ್ಕ ಹೊಂಟೇನಿ ಅಂತ ಒದರತಿದ್ನಿರಿ ಕಾಕಾರ” ಎಂದ ಅನಂತಪ್ಪ.

ಎಲ್ಲರೂ ಅವನನ್ನು ನೋಡಿದರು. “ಜಳಕಾ ಮಾಡೂದರಾಗ ಏನ ತಪ್ಪೈತೋ?” ಎಂದರು ಅಪ್ಪಾಸಾಬರು.

“ಆಕಿ ಹುಳಾ ಹಾಕಲಿ ಅಂತ ಹೋಗತಿದ್ನಿರಿ. ಹೋಗತೇನಿ ಅಂತ ಹೇಳೇ ಹೋಗತಿದ್ದೆ. ಮೈ ತೊಳದಿದ್ರೂ ಮತ್ತೊಮ್ಮೆ ಹೋಗೀನಿ. ಮಣ್ಣಿನ ಗುರುತಾ ನಾನ ಒರಸೀನಿ. ಡಾಕ್ಟರ್ ಹುಳಾ ಹಾಕ ಅಂದಿದ್ದೂ ಖರೇ. ಸೌತಿಕಾಯಿ ನಾನ ಹುಟ್ಟಿಸಿದ್ದು.” ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. “ನಂಗ ಎಲ್ಲಾ ಗೊತ್ತಿತ್ರಿ. ಆಕಿಗೇನೂ ಅನಬ್ಯಾಡ್ರಿ. ಆಮಿ ಕೆಳಗ ಇಡು, ಬಸಗೊಂಡಪ್ಪಾ.”

ಬಸಗೊಂಡಪ್ಪ ಇಟ್ಟ. ಅಪ್ಪಾಸಾಬರು ಸುಮನ ಮಾಡಿಟ್ಟ ಅವಲಕ್ಕಿಯನ್ನು ಮುಟ್ಟಲಿಲ್ಲ, ನೀರನ್ನೂ ಮುಟ್ಟಲಿಲ್ಲ. ಹೋಗುವಾಗ ಬಕೆಟ್ಟಿನ ಮಾಲೆಯನ್ನು ಬಿಚ್ಚಿಕೊಂಡು ಹೋದರು, ಬಕೆಟ್ಟನ್ನು ಮರೆತರು. ಮುಂದಿನ ವಾರ ಬಸದಿಯ ಕಟ್ಟೆಯ ಮೇಲೆ ಏಳು ತಲೆ ತಿರುಗುತ್ತವೆ, ಆದರೆ ಬೇರೆ ಕಡೆಗೆ, ಎಂದು ಅನಂತಪ್ಪನಿಗೆ ಗೊತ್ತಿತ್ತು. ಅವನಿಗೆ ನಾಚಿಕೆಯಾಯಿತು. ಕಟ್ಟೆಯ ಮೇಲೆ ಕೂತುಬಿಟ್ಟ.

“ನನಗ ಯಾವಾಗೋ ಗೊತ್ತಾಗಿತ್ರಿ” ಎಂದಳು ಸುಮನ, ಅವಲಕ್ಕಿಯ ತಟ್ಟೆಯನ್ನು ಅವನ ಮುಂದೆ ಇಡುತ್ತ. “ಲಗ್ನ ಆದಾಗಿಂದ ನೀವು ಐದ ಮಿನಿಟಿಗಿಂತ ಹೆಚ್ಚಿಗಿ ಜಳಕಾ ಮಾಡಿದ್ದ ನಾ ಕಂಡಿಲ್ಲ. ಮೈ ನೋಡ್ರಿ, ಹೆಂಗ ಬಿರತೈತಿ. ಎಣ್ಣಿ ಹಚ್ಕೋರಿ.”

ಮನೆಯಲ್ಲಿ ಇನ್ನು ಆಮೆ ಇರುವಂತಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಿಕ್ಕಿದ ಕೊನೆಯ ತಂಬಿಗೆಯನ್ನು ಬೋರಲು ಹಾಕಿ ಲಗಮವ್ವ ಮಾತು ತೆಗೆದಳು. ಅವಳ ಗಂಡ ಜಕ್ಕಪ್ಪನ ಹೊಲದ ಅಂಚಿಗೆ ಒಂದು ತಗ್ಗಿತ್ತು. ಬ್ಯಾರೇಜು ಕಟ್ಟುವಾಗ ಒಡ್ಡಿಗೆ ಮಣ್ಣು ತೋಡಿದ್ದು, ಹಿನ್ನೀರಿನ ಬಸಿ ಬಂದು ಅಂದಿನಿಂದ ಬತ್ತಿಲ್ಲ. ಒಡ್ಡಿನ ಈಚೆಗಿರುವುದರಿಂದ ಹೊಳೆಯ ಸೆಳವು ತಾಗುವುದಿಲ್ಲ, ಬಲೆ ಹಾಕಲು ಜಕ್ಕಪ್ಪ ಯಾರನ್ನೂ ಬಿಡುವುದಿಲ್ಲ. “ಆಮಿ ಅದಾವ್ರಿ ಅಲ್ಲೆ, ಇನ್ನ ಎರಡ ಮೂರ” ಎಂದಳು. ಸುಮನ ಒಳಗೆ ಹೋಗಿ ಶಶಿಕಾಂತನ ಅಂಗಡಿಯ ಕೈಚೀಲ ತಂದಳು. ಇಷ್ಟು ದಿನ ಅದನ್ನು ಮಡಿಸಿ ಇಟ್ಟಿದ್ದಳು ಎಂಬುದು ಅನಂತಪ್ಪನಿಗೆ ಗೊತ್ತಿದ್ದಿಲ್ಲ. ಆಟೋದಲ್ಲಿ ಲಗಮವ್ವನೂ ಅವನೂ ಎದುರುಬದುರು ಕೂತರು, ಚೀಲ ಅವನ ತೊಡೆಯ ಮೇಲಿತ್ತು. ಹಾದಿಯ ಉದ್ದಕ್ಕೂ ಅವನು ಒಂದೇ ಮಾತು ಹೇಳಲು ನೋಡುತ್ತಿದ್ದ, ಹೊಲ ಬಂದಾಗ ಹೇಳಿದ.

“ಗೊತ್ತಿಲ್ಲ ಅಂದ್ನಲ್ಲವಾ, ನಿನ್ನ ಮುಂದ. ಅದು ತಪ್ಪಾತು.”

“ಬಿಡ್ರಿ ಅಣ್ಣಾರ. ಒಂದ ಗಳಿಗಿ ಅಂದ್ರಿ” ಎಂದಳು ಲಗಮವ್ವ.

ತಗ್ಗಿನ ನೀರು ಹಸಿರಾಗಿತ್ತು. ಕಪ್ಪೆಗಳು ಜಿಗಿದವು, ಬಸವನಹುಳಗಳು ಕಲ್ಲಿಗೆ ಅಂಟಿದ್ದವು, ಮೇಲೆಲ್ಲ ಸಣ್ಣ ಸಣ್ಣ ಜೀವಗಳು ಗೆರೆ ಎಳೆಯುತ್ತ ಓಡಾಡುತ್ತಿದ್ದವು. ಇದನ್ನು ಸೋಸುವುದು ಯಾರಿಂದಲೂ ಸಾಧ್ಯವಿಲ್ಲ ಎಂದು ಅನಂತಪ್ಪನಿಗೆ ಅನಿಸಿತು, ಅನಿಸಿದ ಮೇಲೆ ಒಂದು ಥರದ ಹಗುರವೂ ಆಯಿತು. ಚೀಲದಿಂದ ಆಮೆಯನ್ನು ಎರಡೂ ಕೈಯಿಂದ ಎತ್ತಿ ದಡದ ಕೆಸರಿನಲ್ಲಿ ಇಟ್ಟ. ಅದು ಮೊದಲು ಅಲುಗಲಿಲ್ಲ. ಆಮೇಲೆ ಇದ್ದಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿತು. ಪೂರಾ ಒಂದು ಸುತ್ತು. ತಿರುಗಿ, ಯಾವ ಕಡೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತಿತು.

ಬರುವಾಗ ಕಟ್ಟೆಯಿಂದ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಎಲೆಯ ಪೊಟ್ಟಣವನ್ನು ಲಗಮವ್ವ ತೆಗೆದಳು. ತೆಗೆದವಳು ಬಿಚ್ಚಲಿಲ್ಲ. ಅವನನ್ನು ನೋಡಿದಳು, ಆಮೇಲೆ ಮುಖವನ್ನು ಒಡ್ಡಿನ ಕಡೆ ತಿರುಗಿಸಿ, ಮನೆಯ ಹಿತ್ತಲಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಸುಮ್ಮನೆ ಕಾಯುತ್ತ ನಿಂತಳು.

“ಹೊಳಿ ಆ ಕಡೆ ಐತ್ರಿ ಅಣ್ಣಾರ” ಎಂದಳು. “ಕೈಕಾಲ ತೊಳಕೊಂಡ ಬರೂದಿದ್ರ ಹೋಗಿ ಬರ್ರಿ.”

“ನಂದ ಜಳಕಾ ಆಗೇತಿ ಲಗಮವ್ವಾ” ಎಂದು ಅನಂತಪ್ಪ ಧೋತರವನ್ನು ಮೇಲಕ್ಕೆ ಕಟ್ಟಿ, ಆಮೆಯ ಪಕ್ಕದ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತ. “ಹಾಕು.”